ಅರ್ಥಧಾರಿಯೂ ಶಾಸನಸಭೆಯೂ

ರಂಗಸ್ಥಳದಲ್ಲಿ ಬಣ್ಣ ಹಚ್ಚಿದವರು, ಮೇಳ ಕಟ್ಟಿ ನಡೆಸಿದವರು ಚುನಾವಣೆಗೆ ನಿಂತಾಗ ಊರಿನಲ್ಲಿ ಎರಡು ಮಾತು ಹುಟ್ಟುತ್ತವೆ. ‘ಮಾತು ಬಲ್ಲವರು, ನಮ್ಮ ಕಷ್ಟ ಹೇಳಿಯಾರು’ ಎಂಬುದು ಒಂದು. ‘ಕುಣಿಯುವವರಿಗೆ ಆಡಳಿತದ ಗೊಡವೆ ಯಾಕೆ’ ಎಂಬುದು ಇನ್ನೊಂದು. ಗ್ರಾಮ ಪಂಚಾಯಿತಿಯ ಚುನಾವಣೆ ಪಕ್ಷಗಳ ಚಿಹ್ನೆಯಿಲ್ಲದೆ ನಡೆಯುವುದರಿಂದ ಮುಖಪರಿಚಯಕ್ಕೂ ಮಾತಿಗೂ ಅಲ್ಲಿ ಬೆಲೆ ಹೆಚ್ಚು. ನನ್ನ ಊರು ಬ್ಯಾಕೋಡು. ಒಂದು ಕಡೆ ಶರಾವತಿಯ ಹಿನ್ನೀರು, ಇನ್ನೊಂದು ಕಡೆ ಕೊಲ್ಲೂರಿನ ಘಟ್ಟ. ಘಟ್ಟವೇರಿ ಬಂದ ಮೇಳಗಳ ಆಟ ನೋಡಿ ಬೆಳೆದ ನನಗೆ ಈ ಎರಡು ಮಾತುಗಳೂ ಅರ್ಧಸತ್ಯವೆಂದೇ ತೋರಿವೆ. ಘಟ್ಟದ ಕೆಳಗಿನ ಕಲಾವಿದರೊಬ್ಬರ ನಿದರ್ಶನದಿಂದ ಇದನ್ನು ವಿವರಿಸಬಹುದು.

ಕುಂಬ್ಳೆ ಸುಂದರರಾವ್ ಅವರು 1934ರಲ್ಲಿ ಕಾಸರಗೋಡು ಸೀಮೆಯ ಕುಂಬ್ಳೆಯಲ್ಲಿ ಹುಟ್ಟಿದರು. ಅದು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಸುರತ್ಕಲ್ ಮೇಳದಲ್ಲಿಯೂ ಆಮೇಲೆ ದೀರ್ಘಕಾಲ ಧರ್ಮಸ್ಥಳ ಮೇಳದಲ್ಲಿಯೂ ಅವರು ವೇಷ ಮಾಡಿದರು. ಪ್ರಾಸಬದ್ಧವಾದ ಮಾತಿಗೆ ಹೆಸರಾದರು. 1994ರಲ್ಲಿ ಭಾರತೀಯ ಜನತಾ ಪಕ್ಷದಿಂದ ಸುರತ್ಕಲ್ ಕ್ಷೇತ್ರದ ಶಾಸಕರಾದರು. ಮೇಳದ ಹೆಸರಿನ ಊರೇ ಮತಕ್ಷೇತ್ರವೂ ಆದದ್ದು ಒಂದು ಸ್ವಾರಸ್ಯ. ಶಾಸಕರಾಗಿದ್ದದ್ದು ಒಂದೇ ಅವಧಿ, 1999ರ ತನಕ. ಮುಂದೆ ಯಕ್ಷಗಾನ ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದು, 2022ರ ನವೆಂಬರಿನಲ್ಲಿ ತೀರಿಕೊಂಡರು.

ಅವರನ್ನು ಬೆಳೆಸಿದ್ದು ಬಣ್ಣವೊಂದೇ ಅಲ್ಲ, ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಅದರ ಅರ್ಥವನ್ನು ಅಲ್ಲಿಯೇ ಹೊಳೆದ ಮಾತಿನಲ್ಲಿ ಬೆಳೆಸುತ್ತಾರೆ. ಇಂದು ಕೃಷ್ಣನಾದವನು ನಾಳೆ ಕೌರವನಾಗಬೇಕು. ಎರಡೂ ಪಕ್ಷದ ನ್ಯಾಯ ಅವನಿಗೆ ತಿಳಿದಿರಬೇಕು. ಎದುರಾಳಿಯ ಬಾಯಿ ಕಟ್ಟಿದರೆ ಗೆಲುವಲ್ಲ, ಪ್ರಸಂಗವೇ ಸೊರಗುತ್ತದೆ. ‘ಕೃಷ್ಣಸಂಧಾನ’ದಲ್ಲಿ ಕೌರವನು ಬಲವಾಗಿ ವಾದಿಸಿದಷ್ಟೂ ಕೃಷ್ಣನ ಮಾತಿಗೆ ಕಳೆ. ಶಾಸನಸಭೆಗೆ ಇದಕ್ಕಿಂತ ಒಳ್ಳೆಯ ಶಿಕ್ಷಣ ಯಾವುದಿದೆ?

ಆದರೆ ಇಲ್ಲಿಯೇ ತೊಡಕೂ ಇದೆ. ಶಾಸಕನಾದವನು ಪಾತ್ರ ಬದಲಿಸುವಂತಿಲ್ಲ. ಪಕ್ಷ ಹೇಳಿದ ಕಡೆಗೆ ಕೈ ಎತ್ತಬೇಕು. ಮಾತು ಎಷ್ಟೇ ಸೊಗಸಾಗಿರಲಿ, ಮತದ ಲೆಕ್ಕ ಅದರಿಂದ ಬದಲಾಗುವುದು ಅಪರೂಪ. ಬೆಳಗಿನ ಜಾವ ಮಂಗಳ ಹಾಡಿದರೆ ಆಟ ಮುಗಿಯಿತು. ಜನಪ್ರತಿನಿಧಿಯ ಕೆಲಸ ಮೊದಲಾಗುವುದು ಆ ಹೊತ್ತಿಗೆ, ಅರ್ಜಿ ಹಿಡಿದವರು ಜಗಲಿಗೆ ಬಂದಾಗ.

ಆ ಹೊತ್ತಿಗೆ ಒದಗುವುದು ನಟನ ಗುಣವಲ್ಲ, ಮೇಳದ ಯಜಮಾನನ ಗುಣ. ಒಪ್ಪಿಕೊಂಡ ದಿನಕ್ಕೆ ಆಟ ಆಡಿಸಬೇಕು. ಚೌಕಿಯಲ್ಲಿ ಮುನಿಸಿಕೊಂಡ ಇಬ್ಬರು ಕಲಾವಿದರನ್ನು ಒಂದೇ ರಂಗಕ್ಕೆ ಕಳಿಸಬೇಕು. ಮಳೆಗಾಲಕ್ಕೆ ಮುಂಚೆ ಎಲ್ಲರ ಸಂಬಳ ಚುಕ್ತಾ ಮಾಡಬೇಕು. ಪ್ರೇಕ್ಷಕರಿಗೆ ಕಾಣದ ಈ ಕೆಲಸವೇ ಪಂಚಾಯಿತಿಯ ಕೆಲಸಕ್ಕೆ ಹತ್ತಿರವಾದದ್ದು.

ನಗರದ ರಂಗಭೂಮಿಯಲ್ಲಿ ಇನ್ನೊಂದು ನಿದರ್ಶನವಿದೆ. 1980ರಲ್ಲಿ ಕಲಾಗಂಗೋತ್ರಿ ತಂಡ ಆಡಿದ ‘ಮುಖ್ಯಮಂತ್ರಿ’ ನಾಟಕದ ಪಾತ್ರದಿಂದ ಚಂದ್ರು ಅವರು ಮುಖ್ಯಮಂತ್ರಿ ಚಂದ್ರುವಾದರು. 1985ರಲ್ಲಿ ಗೌರಿಬಿದನೂರಿನ ಶಾಸಕರೂ ಆದರು. ರಾಜಕಾರಣವನ್ನು ವಿಡಂಬಿಸಿದ ನಾಟಕವೇ ರಾಜಕಾರಣದ ಬಾಗಿಲು ತೆರೆಯಿತು. ಪಾತ್ರದ ಹೆಸರು ವ್ಯಕ್ತಿಗೆ ಅಂಟಿದರೆ ಮತದಾರನು ಯಾರನ್ನು ಆರಿಸುತ್ತಾನೆ ಎಂಬ ಪ್ರಶ್ನೆ ಆಗ ಏಳುತ್ತದೆ.

ಈ ಪ್ರಶ್ನೆ ನಮಗೆ ಬರಿಯ ತರ್ಕವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ನಡುವಿನ ಆರು ದಶಕ ನಾವು ದಡದಲ್ಲಿ ಲಾಂಚಿಗೆ ಕಾದೆವು. ಅಷ್ಟು ಕಾಲದಲ್ಲಿ ಕೇಳಿದ ಭಾಷಣಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಕೆಲವಂತೂ ಒಳ್ಳೆಯ ಅರ್ಥಗಾರಿಕೆಯಂತೆಯೇ ಇದ್ದವು.

ಆದ್ದರಿಂದ ಕಲಾವಿದರು ರಾಜಕಾರಣಕ್ಕೆ ಬರಬಾರದೆಂದು ನಾನು ಹೇಳಲಾರೆ. ಎದುರಾಳಿಗೂ ಆಸನವಿಟ್ಟು ಕೇಳುವ ತಾಳಮದ್ದಳೆಯ ಸಂಸ್ಕಾರ ಅವರೊಂದಿಗೆ ಬರುವುದಾದರೆ ಅದು ಲಾಭವೇ. ಆದರೆ ಮತ ಹಾಕುವ ಮುನ್ನ ನಾವು ಕೇಳಬೇಕಾದದ್ದು ಅವರ ಮಾತು ಹೇಗಿದೆ ಎಂದಲ್ಲ. ಅವರ ಮೇಳ ಒಪ್ಪಿಕೊಂಡ ದಿನಕ್ಕೆ ಊರು ತಲುಪುತ್ತಿತ್ತೆ, ಚೆಂಡೆ ಹೊತ್ತವನಿಗೂ ಸಂಬಳ ಸಿಗುತ್ತಿತ್ತೆ ಎಂದು.