ಸೌರ ವಿದ್ಯುತ್ತಿಗೆ ಜಮೀನು ಗುತ್ತಿಗೆ: ಸಹಿ ಹಾಕುವ ಮುನ್ನ

ಸೌರ ವಿದ್ಯುತ್ ಸ್ಥಾವರಕ್ಕೆ ಜಮೀನು ಕೇಳಿಕೊಂಡು ಬಂದವರಿಗೆ ಏನು ಉತ್ತರ ಕೊಡಬೇಕು? ಖುಷ್ಕಿ ಪ್ರದೇಶದ ಅನೇಕ ರೈತರಿಗೆ ಈಗ ಈ ಪ್ರಶ್ನೆ ಎದುರಾಗಿದೆ. ತುಮಕೂರು ಜಿಲ್ಲೆಯ ಪಾವಗಡದ ಅನುಭವವನ್ನು ತಿಳಿದುಕೊಂಡರೆ ಉತ್ತರ ಕೊಡುವುದು ಸುಲಭವಾಗುತ್ತದೆ.

ಪಾವಗಡ ಮಳೆಯ ಅಭಾವಕ್ಕೆ ಹೆಸರಾದ ತಾಲ್ಲೂಕು. ನೆಲಗಡಲೆ ಇಲ್ಲಿನ ಮುಖ್ಯ ಬೆಳೆ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ 2019ರ ಕೊನೆಗೆ ಪೂರ್ಣಗೊಂಡಿತು.

ವ್ಯವಸ್ಥೆ ಹೇಗೆ?

ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳೆರಡು ಸೇರಿ 2015ರಲ್ಲಿ ಒಂದು ನಿಗಮವನ್ನು ಸ್ಥಾಪಿಸಿದವು. ರೈತರಿಂದ ಜಮೀನನ್ನು ಗುತ್ತಿಗೆಗೆ ಪಡೆಯುವುದು, ರಸ್ತೆ ಮತ್ತು ಉಪಕೇಂದ್ರಗಳನ್ನು ಒದಗಿಸುವುದು ಈ ನಿಗಮದ ಕೆಲಸ. ಹರಾಜಿನಲ್ಲಿ ಕಡಿಮೆ ದರಕ್ಕೆ ವಿದ್ಯುತ್ ಕೊಡಲು ಒಪ್ಪಿದ ಕಂಪನಿಗಳು ತಮ್ಮ ಬಂಡವಾಳ ಹೂಡಿ ಫಲಕಗಳನ್ನು ಹಾಕಿದವು. ಜಮೀನಿನ ತೊಡಕು ಕಂಪನಿಗಳಿಗೆ ತಪ್ಪಿತು. ಒಡೆತನ ರೈತರಲ್ಲೇ ಉಳಿಯಿತು. ಭೂಸ್ವಾಧೀನಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಬಾಡಿಗೆಯ ಲೆಕ್ಕ

ಎಕರೆಗೆ ವರ್ಷಕ್ಕೆ ರೂ. 21,000 ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ ಎಂದು ಗೊತ್ತುಪಡಿಸಲಾಯಿತು. ಮಳೆ ಕೈಕೊಟ್ಟರೂ ಬರುವ ಈ ಹಣ ಸಣ್ಣದಲ್ಲ. ಆದರೆ ಮುಂದಿನದನ್ನೂ ನೋಡಬೇಕು. ಪ್ರತಿ ಸಲವೂ ಹಿಂದಿನ ಬಾಡಿಗೆಯ ಮೇಲೆ ಶೇ. 5 ಸೇರಿಸುತ್ತಾ ಹೋದರೆ 26 ವರ್ಷಗಳ ನಂತರ ಅದು ಸುಮಾರು ರೂ. 39,600 ಆಗುತ್ತದೆ. ಅದೇ ಅವಧಿಯಲ್ಲಿ ಪೇಟೆಯ ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ, ಆ ಹಣದಿಂದ ಕೊಳ್ಳಬಹುದಾದ ಸಾಮಾನು ಮೊದಲ ವರ್ಷದ ರೂ. 11,100ಕ್ಕೆ ಸಿಗುತ್ತಿದ್ದಷ್ಟೇ. ಅಂದರೆ ಬಾಡಿಗೆಯ ನಿಜಬೆಲೆ ಅರ್ಧದಷ್ಟಾಗುತ್ತದೆ.

ಬಾಡಿಗೆ ಸಿಗದವರು

ಬಾಡಿಗೆ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಕಳೆ ತೆಗೆದು, ನೆಲಗಡಲೆ ಕಿತ್ತು ಬದುಕುವ ಭೂರಹಿತ ಕೂಲಿಕಾರರಿಗೆ ಆ ಜಮೀನಿನ ಕೆಲಸ ತಪ್ಪುತ್ತದೆ. ಬೇಲಿ ಬಿದ್ದ ಮೇಲೆ ಕುರಿ ಮೇಯಿಸುವವರಿಗೂ ಜಾಗವಿಲ್ಲ. ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಕೆಲವರಿಗಷ್ಟೇ ಸಾಕು. ಸರ್ಕಾರ ಮತ್ತು ಕಂಪನಿಗಳ ನಡುವಿನ ಒಪ್ಪಂದದಲ್ಲಿ ಇವರ ಪಾಲನ್ನೂ ಮೊದಲೇ ಬರೆಯಿಸುವುದು ಅವಶ್ಯಕ.

ರೈತರು ಗಮನಿಸಬೇಕಾದ ಅಂಶಗಳು

1. ಜಮೀನು ಇನ್ನೂ ತಂದೆ ಅಥವಾ ತಾತನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ.

2. ಸರ್ವೆ ಮಾಡಿಸಿ ನಕ್ಷೆಯ ಪ್ರತಿಯನ್ನು ಇಟ್ಟುಕೊಳ್ಳಿ. ಬದುಗಳನ್ನು ಕಿತ್ತು ಸಮಮಾಡಿದ ಮೇಲೆ ಗಡಿಗೆ ಅದೇ ಆಧಾರ.

3. ಬಾಡಿಗೆ ಎಷ್ಟಕ್ಕೊಮ್ಮೆ ಏರುತ್ತದೆ, ತಡವಾದರೆ ಬಡ್ಡಿ ಉಂಟೇ ಎಂಬುದನ್ನು ಪತ್ರದಲ್ಲಿ ಓದಿ ನೋಡಿ.

4. ಅವಧಿ ಮುಗಿದಾಗ ಕಂಬ, ಕಾಂಕ್ರೀಟು ತೆಗೆದು ಉಳುಮೆಗೆ ಯೋಗ್ಯವಾಗಿ ಜಮೀನು ಒಪ್ಪಿಸುವ ಹೊಣೆ ಯಾರದೆಂದು ಬರೆಯಿಸಿಕೊಳ್ಳಿ.

5. ಕುಟುಂಬದ ಪೂರ್ತಿ ಜಮೀನನ್ನು ಕೊಡಬೇಡಿ. ಮನೆಯ ರಾಗಿಗೆ, ದನದ ಮೇವಿಗೆ ಸಾಕಾಗುವಷ್ಟನ್ನು ಉಳಿಸಿಕೊಳ್ಳಿ.

ಇಂಥ ಗುತ್ತಿಗೆ ಒಂದು ತಲೆಮಾರು ಪೂರ್ತಿ ನಡೆಯುವಂಥದ್ದು. ಆದ್ದರಿಂದ ಮುಂದೆ ಆ ಜಮೀನಿಗೆ ವಾರಸುದಾರರಾಗುವ ಮಕ್ಕಳನ್ನೂ ಕೂರಿಸಿಕೊಂಡು, ಪತ್ರವನ್ನು ಪೂರ್ತಿ ಓದಿಸಿ ಕೇಳಿದ ನಂತರವೇ ಸಹಿ ಹಾಕುವುದು ಲೇಸು.