ರಗುವೇಲನ ಮನೆಯ ಬಾಗಿಲಲ್ಲಿ: ಮಹಾದೂತರ ಹಬ್ಬದ ಪ್ರಬೋಧನೆ



ಸೆಪ್ಟೆಂಬರ್ 29ರಂದು ನಾವು ಮಹಾದೂತರಾದ ಸಂತ ಮಿಕಾಯೇಲ, ಗಬ್ರಿಯೇಲ ಹಾಗೂ ರಫಾಯೇಲರ ಹಬ್ಬವನ್ನು ಆಚರಿಸುತ್ತೇವೆ. ಹಿಂದೆ ಸಂತ ರಫಾಯೇಲರ ಹಬ್ಬ ಅಕ್ಟೋಬರ್ 24ರಂದು ಬರುತ್ತಿತ್ತು. 1969ರಲ್ಲಿ ಧರ್ಮಸಭೆಯ ಪಂಚಾಂಗ ಪರಿಷ್ಕೃತವಾದಾಗ ಮೂವರ ಹಬ್ಬವೂ ಒಂದೇ ದಿನಕ್ಕೆ ಸೇರಿತು. 'ರಫಾಯೇಲ' ಎಂದರೆ 'ದೇವರು ಗುಣಪಡಿಸುತ್ತಾರೆ' ಎಂದರ್ಥ. ಇವರನ್ನು ಕುರಿತು ಹೇಳುವ ತೊಬೀತನ ಗ್ರಂಥವು, ದೂರದೇಶದ ನೆಂಟರನ್ನು ಕಂಡುಕೊಂಡ ಕುಟುಂಬವೊಂದರ ಕಥೆಯೂ ಹೌದು.

ತೊಬೀತನು ನಫ್ತಾಲಿ ಕುಲದವನು. ಸೆರೆಯಾಗಿ ನಿನೆವೆಗೆ ಹೋದವನು. ಅವನ ನೆಂಟ ರಗುವೇಲನ ಮನೆ ಇದ್ದುದು ಎಕ್ಬತಾನದಲ್ಲಿ. ನಿನೆವೆ ಇಂದಿನ ಇರಾಕಿನ ಮೊಸೂಲ್ ಬಳಿ ಇದೆ. ಎಕ್ಬತಾನ ಇರಾನಿನ ಹಮದಾನ್. ತೊಬೀತನು ಮಗ ತೊಬಿಯಾಸನನ್ನು ಕಳುಹಿಸಿದ್ದು ನೆಂಟರನ್ನು ನೋಡಲೆಂದಲ್ಲ, ಒಬ್ಬರ ಬಳಿ ಇಟ್ಟಿದ್ದ ಹತ್ತು ತಲಾಂತು ಬೆಳ್ಳಿಯನ್ನು ತರಲೆಂದು. ಆದರೆ ಜೊತೆಗಾರನಾಗಿ ಬಂದ ದೇವದೂತ ಅವನನ್ನು ಮೊದಲು ಕರೆದೊಯ್ದದ್ದು ನೆಂಟರ ಮನೆಗೆ.

ಏಳನೆಯ ಅಧ್ಯಾಯವನ್ನು ನಿಧಾನವಾಗಿ ಓದೋಣ. ಬಂದ ಯುವಕನ ಮುಖದಲ್ಲಿ ರಗುವೇಲನಿಗೆ ತೊಬೀತನ ಹೋಲಿಕೆ ಕಾಣುತ್ತದೆ. ಮನೆಯಾಕೆ ಎದ್ನಾ ವಿಚಾರಿಸುತ್ತಾಳೆ: ಎಲ್ಲಿಂದ ಬಂದವರು, ತೊಬೀತನನ್ನು ಬಲ್ಲಿರಾ, ಅವನು ಕ್ಷೇಮವೇ? ಆಗ ತೊಬಿಯಾಸನು, ಅವರೇ ನನ್ನ ತಂದೆ ಎನ್ನುತ್ತಾನೆ. ರಗುವೇಲ ಅವನನ್ನು ಮುದ್ದಿಟ್ಟು ಅಳುತ್ತಾನೆ. ತೊಬೀತ ಕಣ್ಣು ಕಳೆದುಕೊಂಡದ್ದಕ್ಕಾಗಿ ಮನೆಯವರೆಲ್ಲ ಕಣ್ಣೀರಿಡುತ್ತಾರೆ. ಬೆಳ್ಳಿ ಬಂದದ್ದು ಆಮೇಲೆ.

ನಮ್ಮ ಮನೆಗಳಲ್ಲಿ ನಡೆಯುವುದೇನು? 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ, ದುಬೈ, ಟೊರಾಂಟೊ, ಮೆಲ್ಬರ್ನ್‌ಗಳಲ್ಲಿ ಬೆಳೆದ ನಮ್ಮ ಅಣ್ಣತಮ್ಮಂದಿರ ಮಕ್ಕಳು ಯಲಹಂಕ, ಹೆಬ್ಬಾಳದ ಹಾದಿಯಲ್ಲೇ ಊರೊಳಗೆ ಬರುತ್ತಾರೆ. ಅವರಿಗೆ ಕನ್ನಡ ತೊದಲು. ಅವರ ಇಂಗ್ಲಿಷಿನ ಮುಂದೆ ನಮ್ಮ ಮಕ್ಕಳಿಗೆ ಸಂಕೋಚ. ಒಂದು ಊಟ, ನಾಲ್ಕು ಫೋಟೊ, ಕೆಲವೊಮ್ಮೆ ಸೈಟಿನ ಪಾಲಿನ ಮಾತು. ಅಷ್ಟರಲ್ಲಿ ರಜೆ ಮುಗಿಯುತ್ತದೆ. ಇಂದು ಹಿರಿಯರು ಫೋನಿನಲ್ಲಿ ಮಾತನಾಡುವುದರಿಂದ ಸಂಬಂಧ ಉಳಿದಿದೆ. ಹಿರಿಯರು ಕಣ್ಣು ಮುಚ್ಚಿದ ಮೇಲೆ ಉಳಿಸುವವರು ಯಾರು?

ಪಾಲಿನ ಮಾತು ತಪ್ಪೆಂದಲ್ಲ; ತೊಬಿಯಾಸನಿಗೂ ಬೆಳ್ಳಿ ಸಿಕ್ಕಿತು. ಆದರೆ ಮೊದಲು ಅಪ್ಪುಗೆ, ಆಮೇಲೆ ಲೆಕ್ಕ. ಸಂಬಳವೆಷ್ಟು ಎಂದು ಕೇಳುವ ಮೊದಲು ಎದ್ನಾಳಂತೆ ಕ್ಷೇಮ ವಿಚಾರಿಸೋಣ. ತೊಬೀತನು ಮಗನಿಗೆ ಪೂರ್ವಜರನ್ನು ನೆನಪಿಸಿದಂತೆ ನಾವೂ ಮಕ್ಕಳಿಗೆ ತಾತ ಮುತ್ತಾತಂದಿರ ಹೆಸರು ಹೇಳೋಣ. ಅವರ ಸಮಾಧಿಯ ಬಳಿಗೆ ಎರಡೂ ಮನೆಯ ಮಕ್ಕಳನ್ನು ಒಟ್ಟಿಗೆ ಕರೆದೊಯ್ಯೋಣ. ಧರ್ಮಕೇಂದ್ರದ ದೀಕ್ಷಾಸ್ನಾನ, ವಿವಾಹಗಳ ದಾಖಲೆ ಪುಸ್ತಕಗಳೂ ನಮ್ಮ ವಂಶಾವಳಿಯೇ. ಬೇಕಾದಾಗ ಗುರುಗಳನ್ನು ಕೇಳಬಹುದು.

ಹಬ್ಬದ ಬೆನ್ನಿಗೇ ಜಪಸರದ ತಿಂಗಳು ಬರುತ್ತದೆ. 'ನಮೋ ಮರಿಯ' ಪ್ರಾರ್ಥನೆಯ ಮೊದಲ ಭಾಗವನ್ನು ಒಬ್ಬರು ಹೇಳಿದರೆ ಉಳಿದರ್ಧವನ್ನು ಮಿಕ್ಕವರು ಹೇಳುತ್ತೇವೆ. ಅಜ್ಜಿ ಕನ್ನಡದಲ್ಲಿ ಆರಂಭಿಸಲಿ, ಮೊಮ್ಮಗ ಇಂಗ್ಲಿಷಿನಲ್ಲಿ ಮುಗಿಸಲಿ. ಬೇರೆ ಬೇರೆ ಭಾಷೆಯಾದರೂ ಪ್ರಾರ್ಥನೆ ಒಂದೇ. ಮಾತಾಡಲು ಬಾರದವರೂ ಕೂಡಿ ಪ್ರಾರ್ಥಿಸಬಲ್ಲರು.

ತೊಬಿಯಾಸನನ್ನು ನೆಂಟರ ಬಾಗಿಲಿಗೆ ಮುಟ್ಟಿಸಿದ ಸಂತ ರಫಾಯೇಲರು ದೂರದಲ್ಲಿರುವ ನಮ್ಮವರಿಗೂ ದಾರಿ ತೋರಲಿ. ಮುರಿದ ಸಂಬಂಧಗಳನ್ನು ದೇವರು ಗುಣಪಡಿಸಲಿ. ಆಮೆನ್.