ನಿಮಗಿದು ಗೊತ್ತೆ? ಜ್ವರಕ್ಕೂ ಮುಂಚೆಯೇ ಹರಡುವ ಫ್ಲೂ

ಫ್ಲೂ ತಗುಲಿದ ಮಗು ಜ್ವರ ಕಾಣಿಸಿಕೊಳ್ಳುವ ಹಿಂದಿನ ದಿನದಿಂದಲೇ ವೈರಾಣು ಹರಡತೊಡಗಬಹುದು. ಹೀಗೆ ಹರಡುವ ಅವಧಿ ದೊಡ್ಡವರಲ್ಲಿ ಸಾಮಾನ್ಯವಾಗಿ 5ರಿಂದ 7 ದಿನ. ಎಳೆಯರಲ್ಲಿ 10 ದಿನವನ್ನೂ ದಾಟೀತು. ಪ್ಲಾಸ್ಟಿಕ್ ಆಟಿಕೆಯ ಮೇಲೆ ವೈರಾಣು 24ರಿಂದ 48 ಗಂಟೆ ಉಳಿಯಬಲ್ಲದು. ಹೀಗಾಗಿ ‘ಹುಷಾರಿಲ್ಲದ ಮಗುವನ್ನು ಮನೆಗೆ ಕಳಿಸಿದರಾಯಿತು’ ಎಂದು ನೆಚ್ಚಿಕೊಂಡ ಶಿಶುಪಾಲನಾ ಕೇಂದ್ರ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಸೋಂಕು ಹಬ್ಬಿರುತ್ತದೆ. ಆ ನಿಯಮ ಬೇಡವೆಂದಲ್ಲ. ಔಷಧವಿಲ್ಲದೆಯೂ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಮಗುವನ್ನು ಮತ್ತೆ ಸೇರಿಸಿಕೊಳ್ಳಬೇಕು. ಆದರೆ ಒಂದು ದಿನದ ಕೂಲಿಯನ್ನೂ ಬಿಡಲಾಗದ ತಾಯಿಯ ಮೇಲೆಯೇ ಭಾರವನ್ನೆಲ್ಲ ಹೊರಿಸುವುದು ನ್ಯಾಯವಲ್ಲ. ಕೈ ತೊಳೆಸುವುದು, ಆಟಿಕೆ ಶುಚಿಮಾಡುವುದು ಕೇಂದ್ರದ ದಿನನಿತ್ಯದ ಕೆಲಸವಾಗಬೇಕು.

ಶುಚಿತ್ವದ ಜೊತೆಗೆ ಲಸಿಕೆಯೂ ಬೇಕು. ಅದನ್ನು ಹಾಕಿಸಿದರೂ ಫ್ಲೂ ಬರುತ್ತದಲ್ಲ ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಆದರೂ ಕೆನಡಾದ ಹಟರೈಟ್ ಸಮುದಾಯದ ವಸಾಹತುಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ನೋಡಿ: 3ರಿಂದ 15 ವರ್ಷದ ಮಕ್ಕಳಿಗೆ ಫ್ಲೂ ಲಸಿಕೆ ಕೊಟ್ಟಲ್ಲಿ, ಲಸಿಕೆ ಪಡೆಯದವರಿಗೂ ಸುಮಾರು ಶೇ 61ರಷ್ಟು ರಕ್ಷಣೆ ಸಿಕ್ಕಿತು. 6 ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಕೊಡುವಂತಿಲ್ಲ. ಗರ್ಭಿಣಿಯಾಗಿದ್ದಾಗ ತಾಯಿ ಪಡೆದದ್ದು, ಸುತ್ತಲಿನ ಮಕ್ಕಳು ಮತ್ತು ಆಯಾಗಳು ಪಡೆದದ್ದೇ ಅದಕ್ಕೆ ಆಸರೆ. ಭಾರತದಲ್ಲಿ ಮಳೆಗಾಲದಲ್ಲೂ ಫ್ಲೂ ಹೆಚ್ಚುವುದರಿಂದ ಮುಂಗಾರಿಗೆ ಮೊದಲೇ ಹಾಕಿಸುವುದು ಒಳ್ಳೆಯದು.